ಗೇರಕ್ಕ ಫೋರ್‌ವೀಲ್ ಹಾಕಿದ್ದು

ಗೇರಕ್ಕನಿಗೆ ಸಿಟ್ಟು ಬಂದರೆ ಮೊದಲು ಒರೆಸುತ್ತಿದ್ದಳು, ಕೂಗುವುದು ಆಮೇಲೆ. ಅಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ಹಿಂದಿನ ಅಂಗಳದಲ್ಲಿ ಅವಳು ಜೀಪಿನ ಮುಂದಿನ ಗಾಜನ್ನು ಮೂರನೆಯ ಸಲ ಒರೆಸುತ್ತಿದ್ದುದನ್ನು ಕಂಡವರೆಲ್ಲ ಸ್ವಲ್ಪ ದೂರದಿಂದಲೇ ಸುತ್ತಿಕೊಂಡು ಹೋದರು. ಗಾಜಿನ ಮೇಲೆ ಧೂಳಿರಲಿಲ್ಲ. ಧೂಳೆಲ್ಲ ಅವಳ ತಲೆಯೊಳಗೆ ಎದ್ದಿತ್ತು.

ಹತ್ತು ಗಂಟೆಗೆ ಇಂಜಿನಿಯರ್ ಬರುವವನಿದ್ದ. ಕೇಂದ್ರದ ಹಿಂದಿನಿಂದಲೇ ಶುರುವಾಗುವ ಬೆಟ್ಟದ ಏರನ್ನು ಜೀಪು ಅವನ ಕಣ್ಣೆದುರು ಹತ್ತಿದರೆ ಇನ್ನೂ ಕೆಲವು ವರ್ಷ ಓಡುತ್ತದೆ, ಅದರ ಸೀಟಿನಲ್ಲಿ ಗೇರಕ್ಕ ಕೂತಿರುತ್ತಾಳೆ. ಹತ್ತದಿದ್ದರೆ ಜೀಪು ಗುಜರಿಗೆ, ಗೇರಕ್ಕ ಸ್ಟೋರ್ ರೂಮಿಗೆ. ಮೇಲಿನ ನಾಲ್ಕು ಹಳ್ಳಿಗಳವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಲಸಿಕೆ ಹಾಕಿಸಲು ತಾವೇ ಇಳಿದು ಬರಬೇಕು. ಇಷ್ಟೂ ಒಂದು ಸಹಿಯ ಮೇಲೆ ನಿಂತಿತ್ತು. ಅದು ಸಾಲದೆಂಬಂತೆ, ಇದಕ್ಕೆಲ್ಲ ಕಾರಣನಾದ ಮನುಷ್ಯ ಹತ್ತು ಹೆಜ್ಜೆ ದೂರದಲ್ಲಿ ಗೋಡೆಗೊರಗಿ ನಿಂತು ಬಿಸ್ಕತ್ತು ತಿನ್ನುತ್ತಿದ್ದ.

ಅವಳಿಗೆ ಈ ಹೆಸರು ಬಂದದ್ದು ಚಿಕ್ಕಂದಿನಲ್ಲೇ. ಅಪ್ಪ ಲಾರಿ ಡ್ರೈವರ್. ಅಮ್ಮ ಬೇಗ ತೀರಿಕೊಂಡದ್ದರಿಂದ, ಶಾಲೆಗೆ ರಜೆ ಬಂದಾಗಲೆಲ್ಲ ಲಾರಿಯ ಎಡಸೀಟೇ ಅವಳ ಮನೆ. ಒಮ್ಮೆ ಅಪ್ಪನ ಎಡಗೈಯ ಮಣಿಕಟ್ಟು ಉಳುಕಿತು. ಅವನು ಕ್ಲಚ್ ತುಳಿದು "ಹಾಕು ಮಗಳೇ" ಅನ್ನುತ್ತಿದ್ದ. ಅವಳು ಎರಡೂ ಕೈಯಿಂದ ಗೇರಿನ ದಂಡ ಹಿಡಿದು ತಳ್ಳುತ್ತಿದ್ದಳು. ಮೂರು ವಾರಕ್ಕೆ ಮಣಿಕಟ್ಟು ವಾಸಿಯಾಯಿತು, ಆದರೆ ಕೆಲಸ ಅವಳಿಂದ ವಾಪಸ್ ಹೋಗಲಿಲ್ಲ. ಗೇರಿನ ಹಲ್ಲಿಗೆ ಹಲ್ಲು ಉಜ್ಜಿ ಕರ್ರೆಂದು ಶಬ್ದ ಬಂದರೆ ಅಪ್ಪ ಬೈಯುತ್ತಿರಲಿಲ್ಲ. "ಅದಕ್ಕೆ ನೋವಾಯ್ತು" ಅನ್ನುತ್ತಿದ್ದ, ಅಷ್ಟೇ. ಬೈದಿದ್ದರೆ ಅವಳು ಮರೆತುಬಿಡುತ್ತಿದ್ದಳೇನೋ.

ಮದುವೆಯಾದದ್ದು ಟೈಲರ್ ಒಬ್ಬನನ್ನು. ಮೆತ್ತಗೆ ಮಾತಾಡುವ, ಬಾಯಲ್ಲಿ ಸದಾ ಒಂದು ಗುಂಡುಪಿನ್ನು ಕಚ್ಚಿಕೊಂಡಿರುವ ಮನುಷ್ಯ. ಹಾಲಿನ ವ್ಯಾನು ಓಡಿಸುತ್ತಿದ್ದ ಹೆಂಡತಿ ಆರೋಗ್ಯ ಕೇಂದ್ರದ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದಾಗ, ಸಂದರ್ಶನಕ್ಕೆಂದು ಅವಳ ಅಂಗಿಯ ತೋಳನ್ನು ಎರಡು ಬೆರಳು ಗಿಡ್ಡ ಮಾಡಿಕೊಟ್ಟಿದ್ದ, ಸ್ಟೀರಿಂಗಿಗೆ ಸಿಕ್ಕಿಕೊಳ್ಳಬಾರದೆಂದು. ಸಂದರ್ಶನದಲ್ಲಿ ಕೇಳಿದರು, "ಬೆಟ್ಟ ಹತ್ತಿಸ್ತೀಯಾ?"

"ಹತ್ತೋದು ಗಾಡಿ ಸಾರ್. ನಾನು ಕೂತಿರ್ತೀನಿ."

ಹಾಗೆ ಕೂತು ಇಪ್ಪತ್ತೊಂದು ವರ್ಷವಾಗಿತ್ತು.

ಈಗಿನ ಗಾಡಿಗಳಲ್ಲಿ ಒಂದು ಬಟನ್ ಒತ್ತಿದರೆ ನಾಲ್ಕೂ ಚಕ್ರ ಎಳೆಯುತ್ತವಂತೆ. ಆ ಹಳೆಯ ಜೀಪಿನಲ್ಲಿ ಹಾಗಲ್ಲ. ಸಮ ರಸ್ತೆಯಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಮುಂದಿನವು ಸುಮ್ಮನೆ ಜೊತೆಗೆ ಉರುಳುತ್ತವೆ. ಅವೂ ಎಳೆಯಬೇಕಾದರೆ ಎರಡು ಕೆಲಸ ಆಗಬೇಕು. ಮೊದಲು ಗಾಡಿ ನಿಲ್ಲಿಸಿ, ಇಳಿದು, ಮುಂದಿನ ಎರಡೂ ಚಕ್ರಗಳ ನಟ್ಟನಡುವೆ ಇರುವ ಹಬ್‌ನ ತಿರುಪನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಆಮೇಲೆ ಒಳಗೆ ಕೂತು, ದೊಡ್ಡ ಗೇರಿನ ಪಕ್ಕದಲ್ಲಿರುವ ಚಿಕ್ಕ ಲಿವರನ್ನು ಫೋರ್‌ವೀಲ್‌ಗೆ ಹಾಕಬೇಕು. ಎರಡು ಹಬ್‌ಗಳಲ್ಲಿ ಒಂದು ಫ್ರೀ ಆಗಿಯೇ ಉಳಿದರೂ ಲಿವರ್ ಹಾಕಿದ್ದು ದಂಡ. ತಳವಿಲ್ಲದ ಕೊಡದಲ್ಲಿ ನೀರು ಸೋರಿದ ಹಾಗೆ ಮುಂದಿನ ಬಲವೆಲ್ಲ ಆ ಕಡೆಯಿಂದ ಸೋರಿಹೋಗುತ್ತದೆ.

ಹಾಕುವುದಕ್ಕಿಂತ ತೆಗೆಯುವುದು ಸೂಕ್ಷ್ಮ. ಮಣ್ಣಿನ ಮೇಲೆ, ಕಲ್ಲಿನ ಮೇಲೆ ಚಕ್ರಗಳು ಅಷ್ಟಿಷ್ಟು ಜಾರಿ ತಮ್ಮ ತಮ್ಮ ಓಟವನ್ನು ಸರಿಮಾಡಿಕೊಳ್ಳುತ್ತವೆ. ಟಾರಿನ ಮೇಲೆ ಜಾರಲಾಗುವುದಿಲ್ಲ. ಅಲ್ಲಿ ಫೋರ್‌ವೀಲ್‌ನಲ್ಲೇ ಓಡಿಸಿದರೆ ಒಂದೊಂದು ತಿರುವಿನಲ್ಲೂ ಮುಂದಿನ ಚಕ್ರ ಒಂದು ಕಡೆ, ಹಿಂದಿನ ಚಕ್ರ ಇನ್ನೊಂದು ಕಡೆ ಹಿಂಡುತ್ತಾ, ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ಉಕ್ಕೆಲ್ಲ ತಿರುಚಿ ಬಿಗಿಯುತ್ತದೆ. ಲಿವರ್ ಕಚ್ಚಿಕೊಳ್ಳುತ್ತದೆ. ಆಗ ಬಲ ಹಾಕಬಾರದು. ಸ್ಟೀರಿಂಗ್ ನೇರ ಮಾಡಿ ನಾಲ್ಕು ಮಾರು ಹಿಂದಕ್ಕೆ ಬಿಟ್ಟರೆ ಆ ಬಿಗಿ ಸಡಿಲುತ್ತದೆ, ಲಿವರ್ ಎರಡು ಬೆರಳಿಗೆ ಬರುತ್ತದೆ. ಇದನ್ನು ಗೇರಕ್ಕನಿಗೆ ಯಾರೂ ಕಲಿಸಿರಲಿಲ್ಲ. ಕೈಗೆ ಬೊಬ್ಬೆ ಬಂದು ಬಂದು ತಾನೇ ಕಂಡುಕೊಂಡಿದ್ದಳು.

ಏರಿನ ಬುಡದಲ್ಲಿ ಹಬ್ ಲಾಕ್ ಮಾಡುವಾಗ ಅವಳು ಒಂಟಿಯಾಗಿರುತ್ತಿರಲಿಲ್ಲ. ಲಸಿಕೆಯ ಡಬ್ಬ ಹಿಡಿದು ಎಡಸೀಟಿನಲ್ಲಿ ಕೂರುತ್ತಿದ್ದ ದೊಡ್ಡ ನರ್ಸಮ್ಮ ಮೊದಲ ವಾರವೇ, "ಕೂತು ಕೂತು ಕಾಲು ಮರಗಟ್ಟಿದೆ, ನನಗೂ ಒಂದು ಕೊಡೇ" ಎಂದು ಇಳಿದಿದ್ದರು. ಅಂದಿನಿಂದ ಬಲಗಡೆಯ ಚಕ್ರ ಗೇರಕ್ಕನದು, ಎಡಗಡೆಯದು ನರ್ಸಮ್ಮನದು. ತಿರುಪಿನ ಮೇಲಿದ್ದ ಅಕ್ಷರ ಸವೆದುಹೋದಾಗ ನರ್ಸಮ್ಮ ತಮ್ಮ ಕೆಂಪು ಉಗುರುಬಣ್ಣದಿಂದ ಎರಡೆರಡು ಚುಕ್ಕಿ ಇಟ್ಟರು: ಚುಕ್ಕಿಗೆ ಚುಕ್ಕಿ ಕೂಡಿದರೆ ಲಾಕ್, ದೂರ ಹೋದರೆ ಫ್ರೀ. ಒಬ್ಬಳು "ಬಿತ್ತು" ಅನ್ನಬೇಕು, ಇನ್ನೊಬ್ಬಳು "ನಂದೂ ಬಿತ್ತು" ಅನ್ನಬೇಕು. ಇಬ್ಬರು ಸೇರಿ ಒಂದು ಕಂಬಳಿ ಮಡಚುವಷ್ಟು ಸಲೀಸು. ಅಷ್ಟು ವರ್ಷದಲ್ಲಿ ಗೇರಕ್ಕ ಎಡಗಡೆಯ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತದ್ದು ಪಂಕ್ಚರ್ ಆದಾಗ ಮಾತ್ರ.

ನಲವತ್ತು ದಿನದ ಹಿಂದೆ ಅವಳು ದವಡೆಹಲ್ಲು ಕೀಳಿಸಿಕೊಳ್ಳಲು ಎರಡು ದಿನ ರಜೆ ಹಾಕಿದಳು. ಬದಲಿಗೆ ಬಂದವನು ಪೇಟೆಯ ಆಸ್ಪತ್ರೆಯಲ್ಲಿ ವ್ಯಾನು ಓಡಿಸುತ್ತಿದ್ದ ಮೂವತ್ತೈದರ ಗಂಡಸು. ಟಾರು ಬಿಟ್ಟು ಕೆಳಗಿಳಿದು ಗೊತ್ತಿಲ್ಲದವನು. ಆಮೇಲೆ ಗೇರಕ್ಕ ಅವನಿಗೆ ಟಾರಪ್ಪ ಎಂದು ಹೆಸರಿಟ್ಟಳು, ಅದೇ ನಿಂತಿತು. ರಜೆಗೆ ಹೋಗುವ ಮುಂಚೆ ಅವಳು ಎಲ್ಲವನ್ನೂ ಒಂದಕ್ಕೆರಡು ಸಲ ಹೇಳಿದ್ದಳು. ಅವನು "ಹೂಂ ಅಕ್ಕ, ಹೂಂ ಅಕ್ಕ" ಎಂದು ಫೋನು ನೋಡುತ್ತಾ ತಲೆಯಾಡಿಸಿದ್ದ.

ಅವನು ನರ್ಸಮ್ಮನ ಜೊತೆ ಬೆಟ್ಟ ಹತ್ತಿದ, ಇಳಿದ, ಅವರನ್ನು ಕೇಂದ್ರದಲ್ಲಿ ಬಿಟ್ಟ. ಅಲ್ಲಿಂದ ರಕ್ತದ ಬಾಟಲಿಗಳನ್ನು ಪರೀಕ್ಷೆಗೆ ಕೊಡಲೆಂದು ಹನ್ನೊಂದು ಕಿಲೋಮೀಟರ್ ಟಾರು ರಸ್ತೆಯಲ್ಲಿ ಪೇಟೆಗೆ ಹೋದ. ಹೋದದ್ದು ಫೋರ್‌ವೀಲ್‌ನಲ್ಲೇ. ತಿರುವಿನಲ್ಲೆಲ್ಲ ಜೀಪು ಕಾಲು ಕಟ್ಟಿದ ಆಡಿನ ಹಾಗೆ ಕುಪ್ಪಳಿಸಿತಂತೆ. ಪೇಟೆ ಮುಟ್ಟಿದ ಮೇಲೆ ನೆನಪಾಗಿ ಲಿವರ್ ಎಳೆದ, ಬರಲಿಲ್ಲ. ಬೂಟುಗಾಲಿನಲ್ಲಿ ಒದ್ದ. ಲಿವರ್ ಬಾಗಿತು, ಜಾಗ ಬಿಟ್ಟು ಕದಲಲಿಲ್ಲ. ಹಾಗೆಯೇ ವಾಪಸ್ ಓಡಿಸಿಕೊಂಡು ಬಂದು ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟ: ಫೋರ್‌ವೀಲ್ ಕೆಟ್ಟಿದೆ, ಗಾಡಿ ಬೆಟ್ಟಕ್ಕೆ ಯೋಗ್ಯವಲ್ಲ.

ಮರುದಿನ ಗೇರಕ್ಕ ಊದಿದ ಕೆನ್ನೆ ಹಿಡಿದುಕೊಂಡೇ ಬಂದು ಜೀಪು ಹತ್ತಿದಳು. ಬಾಗಿದ ಲಿವರ್ ಕಂಡಾಗ ಹಲ್ಲಿನ ನೋವು ಎಲ್ಲಿ ಹೋಯಿತೋ. ಅಂಗಳದಲ್ಲಿ ಸ್ಟೀರಿಂಗ್ ನೇರ ಮಾಡಿ ನಾಲ್ಕು ಮಾರು ಹಿಂದಕ್ಕೆ ಬಿಟ್ಟಳು. ಎರಡು ಬೆರಳಲ್ಲಿ ಲಿವರ್ ತೆಗೆದಳು.

"ಕಂಡ್ಯಾ?" ಅಂದಳು, ಬಾಯಿ ತೆರೆಯಲಾಗದೆ, ಹಲ್ಲಿನ ಸಂದಿಯಿಂದ.

ಟಾರಪ್ಪನ ಮುಖ ಒಗೆದ ಬಟ್ಟೆಯಂತಾಯಿತು. ಅವಳು ಬಲಗಡೆಯ ಹಬ್ ಫ್ರೀ ಮಾಡುತ್ತಾ, ಎಡಗಡೆಯದಕ್ಕೆ ಹೋಗು ಎಂದು ಗಲ್ಲದಿಂದಲೇ ತೋರಿಸಿದಳು. ಅವನು ಓಡಿಹೋಗಿ ತಿರುಗಿಸಿದ.

ಆದರೆ ಬರೆದುಕೊಟ್ಟ ಕಾಗದ ಆಗಲೇ ಮೇಲಿನ ಕಚೇರಿಗೆ ಹೋಗಿತ್ತು. ಕೇಂದ್ರದ ಡಾಕ್ಟರಿಗೆ ಬೇಕಾಗಿದ್ದುದೂ ಅದೇ. ಬಿಳಿ ಬಣ್ಣದ, ಎ.ಸಿ. ಇರುವ ಹೊಸ ವ್ಯಾನಿನ ಮೇಲೆ ಅವರಿಗೆ ಎರಡು ವರ್ಷದಿಂದ ಕಣ್ಣಿತ್ತು. ಹಳೆಯದು ಹೋಗದೆ ಹೊಸದು ಬರುವಂತಿರಲಿಲ್ಲ. ಬಂದರೆ ಓಡಿಸಲು ಇರಲೆಂದು ಟಾರಪ್ಪನನ್ನು ಪೇಟೆಗೆ ವಾಪಸ್ ಕಳಿಸದೆ ಕೇಂದ್ರದಲ್ಲೇ ಉಳಿಸಿಕೊಂಡರು. ಪರೀಕ್ಷೆ ಆಗುವ ತನಕ ಜೀಪು ಬೆಟ್ಟಕ್ಕೆ ಹೋಗಕೂಡದೆಂದು ಆದೇಶ ಬಂತು. ಅದೇ ತಿಂಗಳ ಕೊನೆಗೆ ದೊಡ್ಡ ನರ್ಸಮ್ಮ ನಿವೃತ್ತಿಯಾಗಿ ತಂಗಿಯ ಊರಿಗೆ ಹೊರಟುಹೋದರು.

ಕಾಗದ ವಾಪಸ್ ತಗೋ ಎಂದು ಗೇರಕ್ಕ ಟಾರಪ್ಪನಿಗೆ ಒಂದೇ ಸಲ ಹೇಳಿದಳು.

"ಬರೆದದ್ದು ಬರೆದಾಯ್ತಕ್ಕ. ಈಗ ಸುಳ್ಳು ಅಂದ್ರೆ ನನ್ನ ಗತಿ ಏನು? ಮನೇಲಿ ನಾಲ್ಕು ಜನ ಇದಾರೆ."

ಅವತ್ತಿನಿಂದ ಅವಳು ಅವನೊಂದಿಗೆ ಮಾತು ಬಿಟ್ಟಳು. ಹೇಳಲೇಬೇಕಾದ್ದು ಇದ್ದರೆ ಗೋಡೆಗೆ ಹೇಳುತ್ತಿದ್ದಳು. "ಗೋಡೆ, ನಿನ್ನ ಟಿಫನ್ ಡಬ್ಬ ಬಾನೆಟ್ ಮೇಲಿಂದ ತೆಗಿ." ಅವನು ತೆಗೆಯುತ್ತಿದ್ದ.

ಇಂಜಿನಿಯರ್ ಹತ್ತೂಕಾಲಿಗೆ ಬಂದ. ತೆಳ್ಳನೆಯ ಆಳು, ಪಾಲಿಶ್ ಮಾಡಿದ ಬೂಟು, ಕಂಕುಳಲ್ಲಿ ಫೈಲು. ಡಾಕ್ಟರು ಅವನಿಗೆ ಮೊದಲು ಚಹಾ ಕೊಡಿಸಿದರು, ಆಮೇಲೆ ಹೊಸ ವ್ಯಾನಿನ ವಿಷಯ ಮಾತಾಡಿದರು. ಕಿಟಕಿಯ ಹೊರಗೆ ನಿಂತಿದ್ದ ಗೇರಕ್ಕನ ಕಿವಿಗೆ ಅದೆಲ್ಲ ಬಿತ್ತು. ಗಾಡಿ ಇನ್ನೂ ಚಾಲೂ ಆಗಿಲ್ಲ, ಆಗಲೇ ಹೆಣಕ್ಕೆ ಅಳತೆ ತೆಗೆಯುತ್ತಿದ್ದಾರಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

ಜೀಪಿನ ಎಡಸೀಟಿನಲ್ಲಿ ಇಂಜಿನಿಯರ್ ಕೂತ. ಡಾಕ್ಟರೂ ಟಾರಪ್ಪನೂ ಹಿಂದೆಯೇ ನಡೆದು ಬಂದರು. ಏರಿನ ಬುಡದಲ್ಲಿ, ಟಾರು ಮುಗಿದು ಕಲ್ಲುಹಾದಿ ಶುರುವಾಗುವಲ್ಲಿ, ಅವಳು ನಿಲ್ಲಿಸಿ ಇಳಿದಳು. ಬಲಗಡೆಯ ಚಕ್ರದ ಮುಂದೆ ಕೂತು ತಿರುಪು ತಿರುಗಿಸಿದಳು. ಚುಕ್ಕಿಗೆ ಚುಕ್ಕಿ ಕೂಡಿತು. ಅಷ್ಟರಲ್ಲಿ ಒಳಗಿನಿಂದ ಇಂಜಿನಿಯರ್ ಕೇಳಿದ, "ಈ ಗಾಡಿಗೆ ವಯಸ್ಸೆಷ್ಟಮ್ಮಾ?"

"ನನಗಿಂತ ಎಂಟು ವರ್ಷ ಚಿಕ್ಕದು. ನನ್ನನ್ನೂ ಗುಜರಿಗೆ ಬರ್ಕೊಂಡುಬಿಡ್ತೀರಾ?"

ಅವನು ಕೆಮ್ಮಿದ. ಅವಳು ಎದ್ದು ಬಂದು ಧಡ್ಡನೆ ಬಾಗಿಲು ಹಾಕಿಕೊಂಡು ಕೂತಳು. ಚಿಕ್ಕ ಲಿವರನ್ನು ಫೋರ್‌ವೀಲ್‌ನ ನಿಧಾನದ ಗೇರಿಗೆ ಹಾಕಿದಳು.

"ಹಬ್ ಎರಡೂ ಲಾಕ್ ಮಾಡಿದೀರಾ?" ಎಂದು ಅವನು ಕೇಳಿದ. ಕೇಳುವ ಪದ್ಧತಿ, ಕೇಳಿದ.

"ದಿನಾ ಬೆಳಿಗ್ಗೆ ಮುಖಾನೂ ತೊಳ್ಕೊಂಡು ಬರ್ತೀನಿ ಸಾರ್. ಅದನ್ನೂ ಕೇಳಿ ಬರ್ಕೊಳಿ."

ಕ್ಲಚ್ ಬಿಟ್ಟಳು. ಮೊದಲ ಇಪ್ಪತ್ತು ಮಾರು ಸಲೀಸು. ಕಲ್ಲುಗಳು ಮೆಟ್ಟಿಲಿನ ಹಾಗೆ ಎದ್ದಿರುವ ಕಡೆ ಜೀಪು ಗಕ್ಕನೆ ನಿಂತಿತು. ಹಿಂದಿನ ಚಕ್ರ ಗಿರ್ರನೆ ತಿರುಗಿ ಜಲ್ಲಿಕಲ್ಲು ಹಾರಿಸಿತು. ಹಾರಿದ ಕಲ್ಲಿಗೆ ಡಾಕ್ಟರು ಪಕ್ಕಕ್ಕೆ ಜಿಗಿದರು. ಅವಳು ಹಿಂದಕ್ಕೆ ಬಿಟ್ಟು ಇನ್ನೊಮ್ಮೆ ಬಂದಳು, ಸ್ವಲ್ಪ ಬಲಕ್ಕೆ. ಅಲ್ಲೇ ನಿಂತಿತು. ಮೂರನೆಯ ಸಲ ಆಕ್ಸಿಲರೇಟರನ್ನು ಹಾವಿನ ತಲೆ ತುಳಿದಂತೆ ತುಳಿದಳು. ಹಾಗೆ ತುಳಿಯುವುದು ತಪ್ಪೆಂದು ಬೇರೆಯವರಿಗೆ ಹೇಳಿಕೊಡುವವಳು ಅವಳೇ. ಸುಟ್ಟ ರಬ್ಬರಿನ ವಾಸನೆ ಗಾಡಿಯೊಳಗೆ ತುಂಬಿತು.

"ಸಾಕಮ್ಮ," ಎಂದು ಇಂಜಿನಿಯರ್ ಇಳಿದ. "ಮುಂದಿನ ಚಕ್ರ ಎಳೀತಾನೇ ಇಲ್ಲ. ಗೇರ್ ಬಾಕ್ಸ್ ಒಳಗೆ ಹಲ್ಲು ಹೋಗಿರಬೇಕು. ಹಳೇ ಗಾಡಿ, ಪಾಪ."

ಆ 'ಪಾಪ' ಅವಳಿಗೆ ಕೆನ್ನೆಗೆ ಬಿದ್ದ ಏಟಿನಂತಿತ್ತು. ಅವನು ಬಾನೆಟ್ಟಿನ ಮೇಲೆ ಫೈಲು ಹರಡಿ ಬರೆಯತೊಡಗಿದ. ಡಾಕ್ಟರು ಪಕ್ಕದಲ್ಲಿ ನಿಂತು, ಕಾಗದ ಗಾಳಿಗೆ ಹಾರದಂತೆ ತುಂಬಾ ಮರ್ಯಾದೆಯಿಂದ ಅದರ ಅಂಚನ್ನು ಒತ್ತಿಹಿಡಿದರು.

ಎಲ್ಲ ಇವನಿಂದ. ಹನ್ನೊಂದು ಕಿಲೋಮೀಟರ್ ಓಡಿಸಿದ್ದಾನೆ, ಬೂಟುಗಾಲಲ್ಲಿ ಒದ್ದಿದ್ದಾನೆ, ಅಂದು ಲಿವರ್ ಬಂತಾದರೂ ಒಳಗೆ ಏನೋ ಮುರಿದೇ ಇದೆ. ಗೇರಕ್ಕ ಇಳಿದಳು. ನಲವತ್ತು ದಿನದಿಂದ ನುಂಗಿದ ಮಾತೆಲ್ಲ ಗಂಟಲಿಗೆ ಬಂದಿತ್ತು. ಟಾರಪ್ಪ ಎಡಗಡೆಯ ಚಕ್ರದ ಹತ್ತಿರ, ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದ. ಅವಳು ಜೀಪಿನ ಮುಂದಿನಿಂದ ಸುತ್ತಿ ಅವನ ಕಡೆಗೆ ನಡೆದಳು. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ.

ಅವನು ಸರಿದದ್ದರಿಂದ ಅವಳಿಗೆ ಚಕ್ರ ಕಾಣಿಸಿತು. ಹಬ್‌ನ ಮೇಲೆ ಎರಡು ಕೆಂಪು ಚುಕ್ಕಿ. ಒಂದು ಮೇಲೆ, ಒಂದು ಪಕ್ಕಕ್ಕೆ.

ಅವಳು ಕಾಲು ಕಿತ್ತಿಡಲಾಗದೆ ನಿಂತಳು. ತಾನು ಇಳಿದದ್ದು, ಬಲಗಡೆ ಕೂತದ್ದು, ತಿರುಗಿಸಿದ್ದು, ಎದ್ದದ್ದು ಒಂದೊಂದೇ ಕಣ್ಣ ಮುಂದೆ ಬಂತು. "ಬಿತ್ತು" ಅಂದಿರಲಿಲ್ಲ. "ನಂದೂ ಬಿತ್ತು" ಎಂಬ ಮಾತು ಕೇಳಿರಲಿಲ್ಲ. ಕೇಳದಿದ್ದುದು ಗೊತ್ತೂ ಆಗಿರಲಿಲ್ಲ, ಅಷ್ಟು ಗದ್ದಲ ಅವಳ ತಲೆಯೊಳಗೇ ಇತ್ತು. ಬಾಕ್ಸಿಗೆ ಏನೂ ಆಗಿಲ್ಲ.

ಟಾರಪ್ಪನೂ ಆಗ ಕೆಳಗೆ ನೋಡಿದ. ಚುಕ್ಕಿಗಳ ಅರ್ಥ ಅವನಿಗೂ ಗೊತ್ತಿತ್ತು. ಜೇಬಿನಿಂದ ಎರಡೂ ಕೈ ಹೊರಗೆ ಬಂದವು.

"ನಾನು ಮುಟ್ಟಿಲ್ಲಕ್ಕ," ಎಂದ, ಪಿಸುಮಾತಿನಲ್ಲಿ. "ನಿಜವಾಗ್ಲೂ ಮುಟ್ಟಿಲ್ಲ."

ಮುಟ್ಟಿದ್ದಾನೆ ಎಂದರೆ ಸಾಕಿತ್ತು. ಅವನು ಆ ಕಡೆಯೇ ನಿಂತಿದ್ದ. ಗಾಡಿ ಕೆಡಿಸಿದವನು, ಸುಳ್ಳು ಬರೆದವನು. ಇದನ್ನೂ ಮಾಡಿದ್ದಾನೆಂದರೆ ಯಾರು ನಂಬುವುದಿಲ್ಲ? ಜೀಪು ಉಳಿಯುತ್ತಿತ್ತು, ಸೀಟು ಉಳಿಯುತ್ತಿತ್ತು, ನಲವತ್ತು ದಿನದ ಸಿಟ್ಟಿಗೂ ಒಂದು ಲೆಕ್ಕ ಆಗುತ್ತಿತ್ತು. ಮಾತು ನಾಲಗೆಯ ತುದಿಯವರೆಗೆ ಬಂತು. ಅವನು ಎರಡೂ ಅಂಗೈ ತೋರಿಸುತ್ತಿದ್ದುದನ್ನು ನೋಡಿ ಅವಳಿಗೆ ಕನಿಕರವೇನೂ ಬರಲಿಲ್ಲ. ಇನ್ನಷ್ಟು ಸಿಟ್ಟು ಬಂತು. ಇವನು ತಪ್ಪು ಮಾಡಿದಾಗ ಕಾಗದ ಬರೆದು ಗಾಡಿಯ ತಲೆಗೆ ಕಟ್ಟಿದ. ಈಗ ನಾನೂ ಅದನ್ನೇ ಮಾಡಿದರೆ ನಾನೂ ಇವನೂ ಒಂದೇ ತಕ್ಕಡಿ. ಅದೊಂದು ಅವಳಿಗೆ ಸಹಿಸಲಾಗದ ಮಾತು.

"ನೀನು ಮುಟ್ಟಿಲ್ಲ," ಅಂದಳು. ನಲವತ್ತು ದಿನದ ಮೇಲೆ ಗೋಡೆಗಲ್ಲದೆ ಅವನಿಗೇ ಹೇಳಿದ ಮೊದಲ ಮಾತು. "ನಾನೂ ಮುಟ್ಟಿಲ್ಲ. ಅದೇ ಆಗಿರೋದು. ಆ ಕಡೆಗೆ ಸರ್ಕೋ."

ಅವಳು ಬಾನೆಟ್ಟಿನ ಹತ್ತಿರ ಹೋಗಿ ಇಂಜಿನಿಯರ್ ಬರೆಯುತ್ತಿದ್ದ ಕಾಗದದ ಮೇಲೆ ಅಂಗೈ ಇಟ್ಟಳು.

"ಸಾರ್, ಇದನ್ನ ಹರೀರಿ. ಎಡಗಡೆ ಹಬ್ ಲಾಕ್ ಆಗಿಲ್ಲ."

"ಎರಡೂ ಮಾಡಿದೀರಾ ಅಂತ ಕೇಳಿದ್ನಲ್ಲಮ್ಮಾ."

"ಕೇಳಿದ್ರಿ. ನಾನು ಮಾಡಿದೀನಿ ಅಂದ್ಕೊಂಡು ದೊಡ್ಡ ಮಾತಾಡಿದೆ. ಮಾಡಿರ್ಲಿಲ್ಲ. ಗಾಡೀದಲ್ಲ ತಪ್ಪು, ನಂದು."

ಡಾಕ್ಟರು ತಮ್ಮ ಬೆರಳನ್ನು ಕಾಗದದಿಂದ ಎತ್ತಲಿಲ್ಲ. "ಪರೀಕ್ಷೆ ಮುಗೀತಲ್ಲ. ಮೂರು ಅವಕಾಶ ಕೊಟ್ಟಿದ್ದಾರೆ."

"ಪರೀಕ್ಷೆ ಯಾರಿಗೆ ಸಾರ್? ನಾಲ್ಕು ಚಕ್ರದ್ದು ನೋಡೋಕೆ ಬಂದವರು ಎರಡು ಚಕ್ರದ್ದು ನೋಡಿದಾರೆ. ಹಂಗೇ ಸಹಿ ಹಾಕ್ತೀನಿ ಅಂದ್ರೆ ಎರಡು ಚಕ್ರದ ಗಾಡಿ ನೋಡಿದೆ ಅಂತ ಬರೀಲಿ. ನಾನೂ ಕೆಳಗೆ ಸಹಿ ಹಾಕ್ತೀನಿ."

ಇಂಜಿನಿಯರ್ ಅವಳನ್ನೂ ಡಾಕ್ಟರನ್ನೂ ನೋಡಿದ. ನಿಧಾನದ ಮನುಷ್ಯ, ಕೆಟ್ಟವನಲ್ಲ. ಪೆನ್ನಿನ ಕ್ಯಾಪು ಹಾಕಿದ. "ಮತ್ತೆ ನೋಡಬೇಕಂದ್ರೆ ಮೊದಲು ಯಾಕೆ ಹತ್ತಲಿಲ್ಲ ಅಂತ ಕಾರಣ ಬರೀಬೇಕಾಗತ್ತಮ್ಮ. ಡ್ರೈವರ್ ನಿರ್ಲಕ್ಷ್ಯ ಅಂತ. ಬೇರೆ ಕಾಲಂ ಇಲ್ಲ ಇದರಲ್ಲಿ."

ಆ ಮಾತಿನ ತೂಕ ಅವಳಿಗೆ ಗೊತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ಅವಳ ಹೆಸರಿನ ಮುಂದೆ ಒಂದು ಕಪ್ಪುಚುಕ್ಕೆಯೂ ಬಿದ್ದಿರಲಿಲ್ಲ. ಡಾಕ್ಟರು ಅದನ್ನು ಹಿಡಿದು ಏನು ಮಾಡಬಲ್ಲರೆಂದೂ ಗೊತ್ತಿತ್ತು.

"ಬರೀರಿ," ಅಂದಳು. "ಅಕ್ಷರ ದೊಡ್ಡದಾಗಿ ಬರೀರಿ. ಆಮೇಲೆ ಬಂದು ಕೂತ್ಕೊಳಿ."

ಅವಳು ಎಡಗಡೆಯ ಚಕ್ರದ ಮುಂದೆ ಕೂತಳು. ಸಿಟ್ಟು ಈಗ ಯಾರ ಮೇಲೆ ಎಂದು ಕೇಳಿದ್ದರೆ ಅವಳು ಹೇಳುತ್ತಿರಲಿಲ್ಲ. ತಿರುಪು ಗಟ್ಟಿಯಾಗಿತ್ತು, ನಲವತ್ತು ದಿನದಿಂದ ಯಾರೂ ತಿರುಗಿಸಿರಲಿಲ್ಲ. ತಿರುಗಿಸಿದಳು. ಎದ್ದು ಬಲಗಡೆಗೆ ಹೋಗಿ, ಆಗಲೇ ಲಾಕ್ ಆಗಿದ್ದನ್ನೂ ಮುಟ್ಟಿ ನೋಡಿದಳು.

ಈ ಸಲ ಅವಳು ಆಕ್ಸಿಲರೇಟರನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಮೆಟ್ಟಿಲುಗಲ್ಲಿನ ಹತ್ತಿರ ಬಂದಾಗ ಮುಂದಿನ ಚಕ್ರ ಕಲ್ಲಿನ ಅಂಚನ್ನು ಹಿಡಿಯಿತು, ಒಂದು ಕ್ಷಣ ತಡೆಯಿತು, ಆಮೇಲೆ ಇಡೀ ಗಾಡಿಯನ್ನು ತನ್ನ ಹಿಂದೆ ಎಳೆದುಕೊಂಡು ಮೇಲೇರಿತು. ಎರಡನೆಯ ಮೆಟ್ಟಿಲು. ಮೂರನೆಯದು. ಸದ್ದು ಏರಲಿಲ್ಲ, ಇಳಿಯಲಿಲ್ಲ. ಇಂಜಿನಿಯರ್ ಎದುರಿಗಿದ್ದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಫೈಲು ಜಾರಿ ಅವನ ಪಾಲಿಶ್ ಬೂಟಿನ ಮೇಲೆ ಬಿದ್ದಿತ್ತು. ಮೇಲೆ ಹೋಗಿ ಹಾಸುಬಂಡೆಯ ಮೇಲೆ ನಿಲ್ಲಿಸಿದಾಗ ಅವನು, "ಚೆನ್ನಾಗಿ ಓಡಿಸ್ತೀರಮ್ಮ" ಎಂದ.

"ನಿರ್ಲಕ್ಷ್ಯ ಅಂತ ಬರೆದಿದೀರಲ್ಲ, ಅದರ ಪಕ್ಕದಲ್ಲೇ ಇದನ್ನೂ ಬರೀರಿ."

"ಅದಕ್ಕೂ ಕಾಲಂ ಇಲ್ಲಮ್ಮ."

ಮಧ್ಯಾಹ್ನ ಡಾಕ್ಟರು ಕರೆಸಿದರು. ಮೇಜಿನ ಮೇಲೆ ಎರಡು ಹಾಳೆ ಇದ್ದವು. ಗಾಡಿ ಬೆಟ್ಟಕ್ಕೆ ಯೋಗ್ಯ ಎಂಬುದು ಒಂದರಲ್ಲಿ, ಡ್ರೈವರ್ ನಿರ್ಲಕ್ಷ್ಯ ಎಂಬುದು ಇನ್ನೊಂದರಲ್ಲಿ. ವ್ಯಾನು ಕೈತಪ್ಪಿದ ಬೇಸರವನ್ನು ಅವರು ಎರಡನೆಯ ಹಾಳೆಯ ಮೇಲೆ ತೀರಿಸಿಕೊಂಡರು.

"ಮೂರು ತಿಂಗಳು ನೀವು ಸ್ಟೋರ್ ನೋಡ್ಕೊಳಿ. ಗಾಡಿ ಅವನು ಓಡಿಸ್ತಾನೆ."

"ಗಾಡಿ ಕೆಡಿಸಿದವನ ಕೈಗೆ ಗಾಡಿ."

"ಅವನು ಕೆಡಿಸಿದ ಅಂತ ಎಲ್ಲೂ ಬರೆದಿಲ್ಲ. ನೀವು ತಪ್ಪು ಮಾಡಿದ್ದು ಬರೆದಿದೆ. ನೀವೇ ಬರೆಸಿದ್ದು."

ಅವಳು ಜೀಪಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಎಸೆಯಬೇಕೆನಿಸಿತ್ತು, ಇಟ್ಟಳು. "ಮಂಗಳವಾರ ಗಾಡಿ ಬೆಟ್ಟಕ್ಕೆ ಹೋಗಲೇಬೇಕು. ಆರು ವಾರದಿಂದ ಮಕ್ಕಳು ಲಸಿಕೆಗೆ ಬಾಕಿ ಇದಾವೆ ಅಲ್ಲಿ. ಹೋಗದಿದ್ರೆ ನಾನೂ ಕಾಗದ ಬರೀತೀನಿ. ನನ್ನ ಅಕ್ಷರ ಚೆನ್ನಾಗಿಲ್ಲ, ಆದ್ರೂ ಓದೋಕೆ ಬರತ್ತೆ."

ಸಂಜೆ ಅಂಗಡಿಯಲ್ಲಿ ಟೈಲರ್ ಅವಳ ಮುಖ ನೋಡಿ ಹೊಲಿಗೆ ಯಂತ್ರದಿಂದ ಕಾಲು ತೆಗೆದ. ಬಾಯಿಯ ಗುಂಡುಪಿನ್ನನ್ನು ಕಾಲರಿಗೆ ಚುಚ್ಚಿಕೊಂಡ. "ಏನಾಯ್ತೇ?"

"ಗಾಡಿ ಉಳೀತು."

"ನೀನು?"

"ಮೂರು ತಿಂಗಳು ಊಟಕ್ಕೆ ಸರಿಯಾದ ಹೊತ್ತಿಗೆ ಬರ್ತೀನಿ."

"ನನ್ನ ಅಡುಗೆ ಬಿಸಿಬಿಸಿ ತಿನ್ನೋಕೆ ನಿನಗೆ ಅಭ್ಯಾಸ ಇಲ್ಲವಲ್ಲ," ಎಂದ. ಅವಳು ನಗಲಿಲ್ಲ. ಅವನೂ ನಗಲಿಲ್ಲ. ಒಂದು ಕುರ್ಚಿ ಎಳೆದು ಹಾಕಿದ, ಅವಳು ಅಂಗಡಿ ಮುಚ್ಚುವ ತನಕ ಅದರಲ್ಲಿ ಕೂತಿದ್ದಳು.

ಸೋಮವಾರ ಅವಳು ಟಾರಪ್ಪನನ್ನು ಅಂಗಳಕ್ಕೆ ಕರೆದಳು. ಪ್ರೀತಿಯಿಂದ ಕರೆಯಲಿಲ್ಲ. ಇಪ್ಪತ್ತು ಸಲ ಹಬ್ ಲಾಕ್ ಮಾಡಿಸಿದಳು, ಇಪ್ಪತ್ತು ಸಲ ಫ್ರೀ ಮಾಡಿಸಿದಳು. ಎಡಕ್ಕೂ ಬಲಕ್ಕೂ ಅವನೊಬ್ಬನೇ ಸುತ್ತಬೇಕು. ಹನ್ನೆರಡನೆಯ ಸಲ ಹೊಸ ನರ್ಸು ತಾನೊಂದು ತಿರುಗಿಸುತ್ತೇನೆಂದು ಬಂದಳು.

"ಬೇಡಮ್ಮ," ಅಂದಳು ಗೇರಕ್ಕ. "ಓಡಿಸೋನು ಎರಡೂ ಕೈಯಾರೆ ಮುಟ್ಟಬೇಕು. ಇನ್ನೊಬ್ಬರು ಮಾಡಿದ್ರೂ ಹೋಗಿ ಮುಟ್ಟಬೇಕು. ಕೇಳಿಸ್ತೇನೋ?"

"ಕೇಳಿಸ್ತಕ್ಕ. ಬೆನ್ನು ಹೋ‌ಯ್ತಕ್ಕ."

"ಬೆನ್ನು ಹೋದ್ರೆ ಪಕ್ಕದಲ್ಲೇ ಡಾಕ್ಟರಿದಾರೆ. ಟಾರು ಬಂದಾಗ ಏನು ಮಾಡ್ತೀಯ?"

"ಟಾರಿಗೆ ಮುಂಚೇನೇ ತೆಗೀತೀನಿ. ಬರದಿದ್ರೆ ನೇರ ಮಾಡಿ ಹಿಂದಕ್ಕೆ ಬಿಡ್ತೀನಿ. ಒದೆಯಲ್ಲ." ಅವನು ತಲೆ ತಗ್ಗಿಸಿದ. "ಅಕ್ಕ, ಆ ಕಾಗದ..."

"ಅದರ ಸುದ್ದಿ ಎತ್ತಬೇಡ. ನಾನು ಅದನ್ನ ಮರೆಯೋದಿಲ್ಲ, ಕ್ಷಮಿಸೋದೂ ಇಲ್ಲ. ಹದಿಮೂರನೇ ಸಲ, ನಡಿ."

ಮಂಗಳವಾರ ಒಂಬತ್ತಕ್ಕೆ ಜೀಪು ಹೊರಟಿತು. ಗೇರಕ್ಕ ಸ್ಟೋರಿನ ಕಟ್ಟೆಯ ಹಿಂದೆ ನಿಂತು ರಬ್ಬರ್ ಗ್ಲೌಸಿನ ಪೆಟ್ಟಿಗೆಗಳನ್ನು ಎಣಿಸುತ್ತಿದ್ದಳು. ಅಲ್ಲಿಂದ ಬೆಟ್ಟ ಕಾಣುವುದಿಲ್ಲ, ಕೇಳಿಸುತ್ತದೆ. ಎಂಜಿನ್ ಏರಿನ ಬುಡದಲ್ಲಿ ನಿಂತಿತು. ತುಂಬಾ ಹೊತ್ತು ನಿಂತಿತ್ತು. ಎರಡು ಚಕ್ರ ಸುತ್ತಿ ಬರುವುದಕ್ಕಿಂತಲೂ ಹೆಚ್ಚು ಹೊತ್ತು. ಕೆಲಸ ಕೆಡಿಸಿದನೇ? ಅವಳ ಕೈ ಪೆಟ್ಟಿಗೆಯ ಮೇಲೇ ನಿಂತಿತು. ಮತ್ತೆ ಶುರುವಾಯಿತು. ಮೆಟ್ಟಿಲುಗಲ್ಲಿನ ಕಡೆ ಸದ್ದು ಒಂದಿಷ್ಟು ಗೊಗ್ಗರಾಯಿತು, ಅಲ್ಲಿ ಅವಳ ಬಲಗಾಲು ತಾನಾಗಿಯೇ ನೆಲವನ್ನು ಮೆಲ್ಲಗೆ ಒತ್ತಿತು. ಆಮೇಲೆ ಸದ್ದು ಸಮನಾಗಿ ದೂರ ದೂರ ಹೋಯಿತು. ಅವಳಿಗೆ ಸಂತೋಷವಾಯಿತು, ಆದದ್ದಕ್ಕೆ ಸಿಟ್ಟೂ ಬಂತು.

ಮೂರು ಗಂಟೆಗೆ ಅವನು ಖಾಲಿ ಲಸಿಕೆ ಡಬ್ಬ ಹಿಡಿದು ಸ್ಟೋರಿನ ಬಾಗಿಲಲ್ಲಿ ನಿಂತ. ಮಂಡಿಯ ಮೇಲೆಲ್ಲ ಮಣ್ಣು.

"ಹತ್ತಿಸಿದೆ ಅಕ್ಕ. ಮೂವತ್ತೊಂದು ಮಕ್ಕಳಿಗೆ ಆಯ್ತು."

"ಕೇಳಿಸ್ತು. ಎರಡನೇ ತಿರುವಲ್ಲಿ ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಹೋದೆ."

"ಅದೂ ಕೇಳಿಸ್ತಾ?"

"ಡಬ್ಬ ಅಲ್ಲಿಡು. ಇನ್ನು ಎಂಬತ್ತಾರು ದಿನ ಇದೆ. ಅಷ್ಟರಲ್ಲಿ ಕ್ಲಚ್ ಸುಟ್ಟು ಇಟ್ಟಿದ್ರೆ ನಿನ್ನ ಚರ್ಮದಲ್ಲೇ ಹೊಸದು ಹಾಕಿಸ್ತೀನಿ."

"ಆಯ್ತಕ್ಕ," ಎಂದು ಅವನು ಡಬ್ಬ ಇಟ್ಟು ಹೋದ. ಅವನ ಹೆಜ್ಜೆ ಅಂಗಳ ದಾಟುವ ತನಕ ಅವಳು ಬಾಗಿಲನ್ನೇ ನೋಡುತ್ತಿದ್ದಳು. ಎಣಿಕೆ ಎಲ್ಲಿಗೆ ಬಂದಿತ್ತೆಂಬುದು ಮರೆತುಹೋಗಿತ್ತು. ಪೆಟ್ಟಿಗೆಗಳನ್ನೆಲ್ಲ ಮತ್ತೆ ಕೆಳಗಿಳಿಸಿ ಒಂದರಿಂದ ಶುರುಮಾಡಿದಳು.